ಎರಡನೆಯ ನಿದ್ದೆ

ಬೇಕರಿಯ ಹಿಂಬಾಗಿಲಿನಿಂದ ಆ ದೊಡ್ಡ ಫ್ರಿಜ್ಜು ಒಳಗೆ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು, ತಾತನೊಬ್ಬನನ್ನು ಬಿಟ್ಟು. ಆಳೆತ್ತರದ ಪೆಟ್ಟಿಗೆ. ಸಂಜೆ ಕಲಸಿದ ಹಿಟ್ಟನ್ನು ಅದರೊಳಗಿಟ್ಟು ಬಾಗಿಲು ಹಾಕಿದರೆ ಸಾಕು, ತಣ್ಣಗೆ ನಿಧಾನವಾಗಿ ಉಬ್ಬಿ ಬೆಳಗಿನ ಹೊತ್ತಿಗೆ ಹದಕ್ಕೆ ಬಂದಿರುತ್ತದೆ, ನಡುರಾತ್ರಿ ಯಾರೂ ಏಳಬೇಕಾಗಿಲ್ಲ ಎಂದು ತಂದು ಇಳಿಸಿದವನು ಹೇಳಿ ಹೋದ. ಅಜ್ಜಿ ಅದರ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಹಾಕಿ ನೋಡಿ, ಅದಕ್ಕೆ ಅಳಿಯ ಎಂದು ಹೆಸರಿಟ್ಟಳು. ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತಾನೆ, ಅವನನ್ನು ತಂಪಾಗಿ ಇಟ್ಟಿರಬೇಕು, ಎಲ್ಲರೂ ಮರ್ಯಾದೆ ಕೊಡಬೇಕು, ಖರ್ಚು ಮಾತ್ರ ನಮ್ಮದು ಎಂಬುದು ಅವಳ ವಿವರಣೆ. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ. ಅಳಿಯನನ್ನು ಆಡಿಕೊಳ್ಳುವ ಭಾಗ್ಯ ಹೀಗಾದರೂ ಬಂತಲ್ಲ ಎಂದು ಖುಷಿಪಟ್ಟಳು.

ಆ ಮನೆ ಬೇಕರಿಯ ಬೆನ್ನಿಗೇ ಅಂಟಿಕೊಂಡಿತ್ತು. ಬೀದಿಯ ಕಡೆ ಅಂಗಡಿ, ಅದರ ಹಿಂದೆ ಬ್ರೆಡ್ಡು ಬೇಯಿಸುವ ಭಟ್ಟಿ, ಅದರ ಪಕ್ಕ ಹಿಟ್ಟಿನ ಕೋಣೆ, ಆ ಕೋಣೆಯ ಗೋಡೆಯ ಆಚೆ ತಾತ ಅಜ್ಜಿಯರ ಮಂಚ. ಮಗ ಸೊಸೆಯರ ಕೋಣೆ ಮಾಳಿಗೆಯ ಮೇಲೆ. ಅವರ ಮಗಳು ಹುಟ್ಟಿದಾಗ ಕೆನ್ನೆ ನೋಡಿ ಯಾರೋ ಗಿರಾಕಿ ಬನ್ನು ಎಂದಿದ್ದು ಹಾಗೇ ಉಳಿದುಕೊಂಡಿತು. ಈಗ ಅವಳಿಗೆ ಒಂಬತ್ತು ತುಂಬಿದೆ, ಕೆನ್ನೆ ಇಳಿದಿದೆ, ಹೆಸರು ಇಳಿದಿಲ್ಲ.

ಬ್ರೆಡ್ಡಿನ ಕೆಲಸ ಎಂದರೆ ನಿದ್ದೆಯ ಜೊತೆ ಜಗಳ. ಸಂಜೆ ಮರದ ಮರಿಗೆಯಲ್ಲಿ ಕಲಸಿಟ್ಟ ಹಿಟ್ಟು ನಡುರಾತ್ರಿಯ ಹೊತ್ತಿಗೆ ಉಬ್ಬಿ ಅಂಚು ಮೀರುತ್ತದೆ. ಆಗ ಯಾರಾದರೂ ಎದ್ದು ಅದನ್ನು ಗುದ್ದಿ, ಗಾಳಿ ಬಿಡಿಸಿ, ನಾಲ್ಕು ಕಡೆಯಿಂದ ಮಡಚಿ, ಮತ್ತೆ ಒದ್ದೆ ಬಟ್ಟೆ ಮುಚ್ಚಿ ಬಂದು ಮಲಗಬೇಕು. ಇಲ್ಲವಾದರೆ ಬೆಳಿಗ್ಗೆ ಬ್ರೆಡ್ಡು ಹುಳಿಯಾಗುತ್ತದೆ, ಒಳಗೆಲ್ಲ ತೂತು. ತಾತ ಮೀಸೆ ಚಿಗುರಿದಾಗಿನಿಂದ ಈ ಕೆಲಸ ಮಾಡಿಕೊಂಡು ಬಂದವನು. ಮಗನ ಮದುವೆ ಗೊತ್ತಾದ ವರ್ಷ ಅವನ ಕಣ್ಣಿನ ನರ ಸೊರಗತೊಡಗಿತು. ಸೊಸೆ ಮನೆಗೆ ಬರುವ ಹೊತ್ತಿಗೆ ಕಿಟಕಿ ಯಾವುದು ಗೋಡೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು; ಆಮೇಲೆ ಅದೂ ಹೋಯಿತು. ಆದರೆ ನಡುವೆ ಕೆಲವು ದಿನ ತಪ್ಪಿದ್ದ ರಾತ್ರಿಯ ಹಿಟ್ಟಿನ ಕೆಲಸ ಮತ್ತೆ ಅವನ ಕೈಗೇ ಬಂತು. ಕತ್ತಲಲ್ಲಿ ಮಾಡುವ ಕೆಲಸಕ್ಕೆ ಕಣ್ಣಿದ್ದರೇನು, ಇಲ್ಲದಿದ್ದರೇನು.

ಫ್ರಿಜ್ಜು ತರಿಸಿದವಳು ಸೊಸೆ. ಮದುವೆಗೆ ಮುಂಚೆ ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಟ್ಟ ವಸ್ತು ಇಟ್ಟಲ್ಲೇ ಇರಬೇಕು, ಆಡಿದ ಮಾತು ನಡೆಯಬೇಕು ಎನ್ನುವ ಜಾತಿ. ಮಾವನಿಗೆ ಬಿಪಿ ಏರಿದೆ, ರಾತ್ರಿ ಒಂದೇ ನಿದ್ದೆ ಆಗಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಗಂಡನನ್ನು ಒಪ್ಪಿಸಿ, ಕಂತಿನ ಮೇಲೆ ಅಳಿಯನನ್ನು ಬರಮಾಡಿಕೊಂಡಳು. ತಾತನ ತಲೆದಿಂಬಿನ ಪಕ್ಕದ ಅಲಾರಂ ಗಡಿಯಾರವನ್ನು ಎತ್ತಿ ಮಾಳಿಗೆಗೆ ಒಯ್ದಳು. ಇನ್ನು ಮೇಲೆ ಆರಾಮಾಗಿ ಮಲಗಿ ಮಾವ, ಇಷ್ಟು ವರ್ಷ ಎದ್ದಿದ್ದು ಸಾಕು ಎಂದಳು. ತಾತ ಹೂಂ ಎಂದ. ಹೂಂ ಎಂದರೆ ಒಪ್ಪಿಗೆ ಎಂದು ಎಲ್ಲರೂ ತಿಳಿದರು.

ಒಂದು ವಾರ ಸುಮ್ಮನಿದ್ದವನು ಆಮೇಲೆ ಕೂತರೆ ತಪ್ಪು ನಿಂತರೆ ತಪ್ಪು ಎನ್ನತೊಡಗಿದ. ಬ್ರೆಡ್ಡಿಗೆ ರುಚಿಯಿಲ್ಲ, ಬಾಯಲ್ಲಿಟ್ಟರೆ ತಂಗಳು. ಅಳಿಯ ರಾತ್ರಿಯಿಡೀ ಗೊಂಯ್ ಎನ್ನುತ್ತಾನೆ. ಚಹಾದಲ್ಲಿ ಸಕ್ಕರೆ ಹೆಚ್ಚು, ಮರುದಿನ ಕಡಿಮೆ. ಬನ್ನು ಶಾಲೆಯ ಚೀಲವನ್ನು ದಾರಿಯಲ್ಲಿಟ್ಟಳೆಂದು ಒಮ್ಮೆಯೂ ಗದರದವನು ಗದರಿದ. ಅವಳು ಅತ್ತಳು, ಆಮೇಲೆ ತಾತನೇ ಹೋಗಿ ಅವಳ ತಲೆ ಎಲ್ಲಿದೆಯೆಂದು ಹುಡುಕಿ ಸವರಿದ.

ಎಲ್ಲದಕ್ಕಿಂತ ಹೆಚ್ಚು ನೊಂದವನು ಮಗ. ಇವನು ತಂದೆಯ ಕೈಯಲ್ಲೇ ಪಳಗಿದ ಬೇಕರಿಯವನು, ಮಾತು ಕಡಿಮೆ, ತಾನಾಯಿತು ತನ್ನ ಭಟ್ಟಿಯಾಯಿತು. ತಿಂಡಿಯ ಹೊತ್ತಿಗೆ ತಂದೆ ಬ್ರೆಡ್ಡಿನ ತುಂಡನ್ನು ಮೂಸಿ ತಟ್ಟೆಯ ಅಂಚಿಗೆ ಸರಿಸಿದಾಗ ಅವನಿಗೆ ಊಟ ಸೇರದಾಯಿತು.

"ಹಿಟ್ಟು ಅದೇ, ಉಪ್ಪು ಅದೇ, ಕೈ ನಂದೇ. ಏನು ಕಮ್ಮಿಯಾಗಿದೆ ಹೇಳಿ ಅಪ್ಪ."

"ನಿದ್ದೆ ಜಾಸ್ತಿಯಾಗಿದೆ," ಎಂದ ತಾತ.

"ಹಿಟ್ಟಿಗಾ, ನಿಮಗಾ?" ಎಂದಳು ಅಜ್ಜಿ.

ಸೊಸೆ ಬೇರೊಂದನ್ನು ಗಮನಿಸಿದ್ದಳು. ರಾತ್ರಿಯಿಡೀ ಮಲಗುವ ಮಾವ ಹಗಲೆಲ್ಲ ಆಕಳಿಸುತ್ತಾನೆ, ಅಂಗಡಿಯ ಮುಂದಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಎರಡು ಅಂಗೈಯನ್ನೂ ಮುಖದ ಮುಂದೆ ಹಿಡಿದುಕೊಂಡು ಕೂರುತ್ತಾನೆ. ಬಿಪಿ ಒಂದು ಚೂರೂ ಇಳಿದಿರಲಿಲ್ಲ. ಔಷಧಿ ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ಮಾತ್ರೆ ಸರಿ ಇದೆ, ರೋಗ ಬೇರೆ ಇದೆ.

ಅದು ಹೊರಬಿದ್ದದ್ದು ಬನ್ನು ಓದುವ ಶಾಲೆಯ ಬನ್ನಿನ ಆರ್ಡರಿನ ದಿನ. ಶಾಲೆಯಲ್ಲಿ ಕ್ರೀಡೆಯ ದಿನ, ಮಕ್ಕಳಿಗೆಲ್ಲ ಬೆಳಗಿನ ತಿಂಡಿ ಈ ಬೇಕರಿಯಿಂದ ಹೋಗಬೇಕಿತ್ತು. ನಸುಕಿನಲ್ಲಿ ಮಗ ಇಳಿದು ಬಂದು ನೋಡಿದರೆ ಅಳಿಯನ ಬಾಗಿಲು ಸಂದು ಬಿಟ್ಟಿದೆ, ಒಳಗೆಲ್ಲ ಬೆಚ್ಚಗಿದೆ, ಹಿಟ್ಟು ಉಬ್ಬಿ ಹೊರಗೆ ಸುರಿದು ಆಮೇಲೆ ಕುಸಿದು ಹುಳಿ ವಾಸನೆ ಹೊಡೆಯುತ್ತಿದೆ. ಮೇಲಿನ ಹಲಗೆಯ ಹಿಟ್ಟಿನಲ್ಲಿ ಬೆರಳುಗಳ ಗುರುತು. ಯಾರೋ ಅದನ್ನು ಗುದ್ದಿ ಮಡಚಿದ್ದರು, ಬಹಳ ಅಚ್ಚುಕಟ್ಟಾಗಿ. ಈ ಮನೆಯಲ್ಲಿ ಹಾಗೆ ಮಡಚುವ ಕೈ ಒಂದೇ.

ಮಗ ಎದುರುಬೀದಿಯ ಬೇಕರಿಗೆ ಹೋಗಿ, ಇಷ್ಟು ವರ್ಷ ಮುಖ ಕೊಟ್ಟು ಮಾತಾಡದವನ ಮುಂದೆ ಕೈಕಟ್ಟಿ ನಿಂತು, ಅವನ ಬನ್ನು ಕೊಂಡು ಶಾಲೆಗೆ ಕಳಿಸಿದ. ಅದು ಅವನಿಗೆ ಸಾಯುವಷ್ಟು ಅವಮಾನ. ವಾಪಸು ಬಂದು ಹೆಗಲ ಮೇಲಿನ ಟವೆಲ್ಲು ಕಿತ್ತು ಮೇಜಿನ ಮೇಲೆ ಎಸೆದ.

"ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಹಾಗಂತ ಹೇಳಿ. ರಾತ್ರಿ ಕದ್ದು ಬಂದು ಹಿಟ್ಟು ಮುಟ್ಟೋದು ಯಾಕೆ?"

"ನಿನ್ನ ಮೇಲೆ ಅಲ್ಲ."

"ಮತ್ತೆ ಯಾರ ಮೇಲೆ? ಆ ಪೆಟ್ಟಿಗೆ ಮೇಲೆ ಹೊಟ್ಟೆಕಿಚ್ಚಾ? ಇವತ್ತೇ ಅದಕ್ಕೊಂದು ಬೀಗ ತರ್ತೀನಿ."

ತಾತ ಎದ್ದು ಒಳಗೆ ಹೋದ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಬೀಗ ಬಂತು, ಅಳಿಯನ ಹಿಡಿಕೆಗೆ ಬಿತ್ತು. ಅಜ್ಜಿ ಗಂಡನನ್ನೂ ಮಗನನ್ನೂ ಒಂದೇ ಉಸಿರಿನಲ್ಲಿ ಬೈದು, ಇಬ್ಬರೂ ಒಂದೇ ಮರಿಗೆಯ ಹಿಟ್ಟು, ಹುಳಿ ಬಂದರೆ ಒಟ್ಟಿಗೇ ಬರುತ್ತದೆ ಎಂದು ಅಂಗಡಿಗೆ ಹೋಗಿ ಕೂತಳು.

ಮಧ್ಯಾಹ್ನ ಬೇಕರಿಯಲ್ಲಿ ಗಿರಾಕಿ ಕಡಿಮೆ. ಸೊಸೆ ಒಣದ್ರಾಕ್ಷಿಯ ಚೀಲ ತಂದು ತಾತನ ಪಕ್ಕದಲ್ಲಿ ಸುರಿದುಕೊಂಡು ಕೂತಳು. ದ್ರಾಕ್ಷಿಯ ತೊಟ್ಟು ಬಿಡಿಸುವುದು ಅವನಿಗೆ ಇಷ್ಟದ ಕೆಲಸ. ಬೆರಳಿಗೆ ತೊಟ್ಟು ಸಿಕ್ಕರೆ ಚಿವುಟುವುದು, ಇಲ್ಲವಾದರೆ ಬಟ್ಟಲಿಗೆ ಹಾಕುವುದು. ಸ್ವಲ್ಪ ಹೊತ್ತು ಇಬ್ಬರೂ ಚಿವುಟಿದರು.

"ಮಾವ, ನೀವು ಹಟಕ್ಕೆ ಮಾಡಿದ್ದಲ್ಲ ಅಂತ ನಂಗೊತ್ತು. ಹಟ ಮಾಡೋರು ಅಷ್ಟು ಚೆನ್ನಾಗಿ ಮಡಚಲ್ಲ. ಯಾಕೆ ಎದ್ರಿ?"

ತಾತ ಇನ್ನೊಂದು ದ್ರಾಕ್ಷಿ ಕೈಗೆತ್ತಿಕೊಂಡ. ಆಮೇಲೆ ದ್ರಾಕ್ಷಿಗೇ ಹೇಳುವ ಹಾಗೆ ಹೇಳಿದ.

"ನೋಡೋಕೆ ಎದ್ದೆ."

ಆಮೇಲೆ ಒಂದೊಂದಾಗಿ ಎಲ್ಲ ಬಂತು. ಕಣ್ಣು ಹೋದ ಮೇಲೂ ಕನಸಿನಲ್ಲಿ ಅವನಿಗೆ ಕಾಣುತ್ತದೆ. ಮೊದಲ ನಿದ್ದೆಯ ಕನಸು ಎಲ್ಲರ ಕನಸಿನ ಹಾಗೆ, ಅದು ಎಳೆದ ಕಡೆಗೆ ಹೋಗುವುದು, ಬೆಳಿಗ್ಗೆ ಮರೆಯುವುದು. ಆದರೆ ನಡುರಾತ್ರಿ ಎದ್ದು, ಹಿಟ್ಟಿನಲ್ಲಿ ಕೈಯಿಟ್ಟು, ಒಂದಿಷ್ಟು ಹೊತ್ತು ಗುದ್ದಿ ಮಡಚಿ, ಇನ್ನು ಬರುವುದು ಕನಸು ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಮಲಗಿದರೆ ಆ ಎರಡನೆಯ ನಿದ್ದೆ ಬೇರೆ. ಅದರಲ್ಲಿ ಇದು ಕನಸು ಎಂದು ಗೊತ್ತಿರುತ್ತದೆ. ಗೊತ್ತಿದ್ದರೆ ತನಗೆ ಬೇಕಾದ ಕಡೆ ಹೋಗಬಹುದು, ನಿಂತು ನೋಡಬಹುದು.

"ಕನಸು ಅಂತ ಹೇಗೆ ಗೊತ್ತಾಗುತ್ತೆ?" ಎಂದಳು ಸೊಸೆ.

ತಾತ ಎರಡು ಅಂಗೈಯನ್ನೂ ಮುಖದ ಮುಂದೆ ಹಿಡಿದ.

"ಹೀಗೆ ಹಿಡಿದು ನೋಡ್ತೀನಿ. ಕೈ ಕಂಡರೆ ಕನಸು. ಕಾಣದಿದ್ದರೆ ಎಚ್ಚರ. ಬೇರೆಯವರಿಗೆ ಕಷ್ಟ ಆಗಬಹುದು, ನನಗೆ ಸಲೀಸು."

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವ ಆರಾಮಾಗಿರಲಿ ಎಂದು ತಾನು ಕಿತ್ತುಕೊಂಡದ್ದು ನಿದ್ದೆಗೇಡನ್ನಲ್ಲ, ಅವನಿಗೆ ಉಳಿದಿದ್ದ ಕಣ್ಣನ್ನು. ಅಲಾರಂ ಇಲ್ಲದೆಯೂ ಎಚ್ಚರವಾಗುತ್ತಿತ್ತಂತೆ. ಮಂಚದ ಮೇಲೆ ಸುಮ್ಮನೆ ಎದ್ದು ಕೂತು ಮಲಗಿ ನೋಡಿದನಂತೆ. ಅದಕ್ಕೆ ಕನಸು ಬಗ್ಗಲಿಲ್ಲವಂತೆ. ಕೈಗೆ ಹಿಟ್ಟು ಬೇಕು. ಅದಕ್ಕೇ ಅಳಿಯನ ಬಾಗಿಲು ತೆಗೆದದ್ದು.

"ಯಾರನ್ನೆಲ್ಲ ನೋಡ್ತೀರಿ?"

ಅವನು ಹೇಳುತ್ತಾ ಹೋದ. ತನ್ನ ತಾಯಿ. ಹಳೆಯ ಬೀದಿ, ಅದರ ಕೊನೆಯಲ್ಲಿ ಕೆಂಪು ಬಣ್ಣದ ಕೈಗಾಡಿ. ಹೆಂಡತಿ, ಕೂದಲೆಲ್ಲ ಕಪ್ಪಗೆ. ಚಿಕ್ಕವನಾಗಿದ್ದ ಮಗ. ಬನ್ನು ಕೂಡ ಬರುತ್ತಾಳೆ, ಅವಳ ಮುಖ ಗೊತ್ತಿಲ್ಲವಾದ್ದರಿಂದ ಅವಳಪ್ಪ ಒಂಬತ್ತು ವರ್ಷದವನಾಗಿದ್ದಾಗಿನ ಮುಖ ಹಾಕಿಕೊಂಡು ಬರುತ್ತಾಳೆ, ಎರಡು ಜಡೆ ಸಮೇತ.

"ಮತ್ತೆ ನಾನು?"

ತಾತ ಒಂದು ದ್ರಾಕ್ಷಿಯನ್ನು ಎರಡು ಸಲ ಚಿವುಟಿದ.

"ನೀನು ಬರ್ತೀಯ. ಒಲೆ ಮುಂದೆ ನಿಂತಿರ್ತೀಯ, ಇಲ್ಲಾ ಟ್ರೇ ತೊಳೀತಿರ್ತೀಯ. ಬೆನ್ನು ಕಾಣುತ್ತೆ. ಈ ಕಡೆಯಿಂದ ಆ ಕಡೆಗೆ ಸುತ್ತಿ ಹೋದರೂ ಬೆನ್ನೇ. ಕನಸು ಅಂತ ಗೊತ್ತಿದ್ದರೂ ಅದೊಂದು ನನ್ನ ಕೈಲಿ ಆಗಿಲ್ಲ."

"ನನ್ನ ಮುಖ ನೋಡಿ ಏನಾಗಬೇಕು ಮಾವ?"

"ಒಂದು ಮಾತು ಹೇಳೋದಿದೆ. ಬೆನ್ನಿಗೆ ಹೇಳೋ ಮಾತಲ್ಲ." ಬಟ್ಟಲನ್ನು ಪಕ್ಕಕ್ಕೆ ಸರಿಸಿ ಹೇಳಿದ, "ಮೊದಲಿನಷ್ಟು ಚೆನ್ನಾಗಿ ಕಾಣೋದಿಲ್ಲ ಈಗ. ಬಣ್ಣ ಹೋಗ್ತಾ ಇದೆ. ಪೂರ್ತಿ ಹೋಗೋದ್ರೊಳಗೆ ಆಗಬೇಕು."

ಆ ರಾತ್ರಿ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಎದುರುಬೀದಿಯವನ ಮಿಕ್ಕ ಬನ್ನು. ಎಲ್ಲರೂ ಕೂತ ಮೇಲೆ ಸೊಸೆ ತಾತನ ಮುಂದೆಯೇ ವಿಷಯ ತೆಗೆದಳು. ಬೆನ್ನಿನ ಮಾತೊಂದನ್ನು ಬಿಟ್ಟು ಎಲ್ಲ ಹೇಳಿದಳು. ಆಮೇಲೆ ಅದನ್ನೂ ಹೇಳಿದಳು, ಏಕೆಂದರೆ ಅರ್ಧ ಹೇಳುವುದು ಅವಳಿಗೆ ಬಾರದು.

ಅಜ್ಜಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ ಇದನ್ನು ತನಗೆ ಹೇಳಲಿಲ್ಲವಲ್ಲ, ರಾತ್ರಿಯೆಲ್ಲ ಊರು ಸುತ್ತಿ ಬಂದು ಪಕ್ಕದಲ್ಲಿ ಏನೂ ಗೊತ್ತಿಲ್ಲದವರ ಹಾಗೆ ಗೊರಕೆ ಹೊಡೆಯುತ್ತಿದ್ದರಲ್ಲ ಎಂದು ಆಡಿದಳು. ಹಾಗೆಯೇ ಅರ್ಧ ಬೈಗುಳದಲ್ಲಿ ನಿಂತು ಕೇಳಿದಳು.

"ನನ್ನ ಕೂದಲು ನಿಜವಾಗ್ಲೂ ಕಪ್ಪಗಿರುತ್ತಾ?"

"ಕಾಡಿಗೆ."

"ಹಲ್ಲು?"

"ಎಲ್ಲಾ ಇವೆ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಗುತ್ತಿದ್ದಾಳೆಂದು ಬನ್ನು ತಾತನಿಗೆ ತಿಳಿಸಿದಳು.

ಮಗ ಬನ್ನಿನ ತುಂಡನ್ನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. ಎದ್ದು ಹೋಗಿ ಅಳಿಯನ ಬೀಗ ತೆಗೆದು ಬಂದ. ದೊಡ್ಡ ಹಿಟ್ಟು ಫ್ರಿಜ್ಜಿನಲ್ಲೇ ಇರಲಿ, ಸಣ್ಣ ಮರಿಗೆಯಲ್ಲಿ ಒಂದಿಷ್ಟು ಹಿಟ್ಟು ಹೊರಗೆ ಕಲಸಿಡುತ್ತೇನೆ, ಅದು ಅಪ್ಪನದು ಎಂದ. ಆಮೇಲೆ ತಂದೆಯ ತಟ್ಟೆಗೆ ತನ್ನ ಮೊಟ್ಟೆ ಹಾಕಿದ. ಸೊಸೆ ಮರುದಿನವೇ ಡಾಕ್ಟರ ಹತ್ತಿರ ಹೋಗಿ ಕೇಳಿ ಬಂದಳು. ಕತ್ತಲಾಗುತ್ತಿದ್ದಂತೆ ಮಲಗಲಿ, ಮಧ್ಯಾಹ್ನ ಒಂದು ನಿದ್ದೆ ತೆಗೆಯಲಿ, ಹಾಗಾದರೆ ರಾತ್ರಿ ಸ್ವಲ್ಪ ಹೊತ್ತು ಎದ್ದರೆ ತೊಂದರೆಯಿಲ್ಲ, ಮನಸ್ಸಿಗೆ ಹಿತವಾಗಿದ್ದರೆ ಬಿಪಿಗೂ ಹಿತ ಎಂದನಂತೆ. ಅಲಾರಂ ಗಡಿಯಾರ ಮಾಳಿಗೆಯಿಂದ ಇಳಿದು ಬಂತು.

ಗಡಿಯಾರ ಹೊಡೆದರೆ ಅಜ್ಜಿಗೂ ಎಚ್ಚರ, ಮಾಳಿಗೆಗೂ ಎಚ್ಚರ. ಮೊದಲೆಲ್ಲ ಇದಕ್ಕೆ ಗೊಣಗಾಟ ಇರುತ್ತಿತ್ತು. ಈಗ ಯಾರೂ ಗೊಣಗಲಿಲ್ಲ. ಬದಲಿಗೆ ಮನೆಗೆ ಒಂದು ಹೊಸ ಕೆಲಸ ಅಂಟಿಕೊಂಡಿತು. ಮಾವನಿಗೆ ಸೊಸೆಯ ಮುಖ ಗೊತ್ತಿಲ್ಲದಿದ್ದರೆ ಗೊತ್ತಿರುವವರು ಹೇಳಬೇಕಷ್ಟೆ ಎಂದು ಅಜ್ಜಿ ತೀರ್ಪು ಕೊಟ್ಟಳು. ಮೊದಲ ಸರದಿ ಮಗನದು.

ತಿಂಡಿಯ ಹೊತ್ತು. ಸೊಸೆ ಒಲೆಯ ಮುಂದೆ ಚಹಾ ಸೋಸುತ್ತಿದ್ದಳು.

"ಹೇಳಪ್ಪ, ಇವಳ ಮೂಗು ಹೇಗಿದೆ?" ಎಂದ ತಾತ.

ಮಗ ಯೋಚಿಸಿದ. "ಮೂಗು... ಮೂಗಿನ ಹಾಗೇ ಇದೆ."

"ಕಣ್ಣು?"

"ಎರಡಿದೆ."

ಚಹಾದ ಲೋಟ ಅವನ ಮುಂದೆ ಠಕ್ಕೆಂದು ಕೂತಿತು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ ಎಂದಳು ಅಜ್ಜಿ. ಅವಳು ಹೇಳಿದ ಪ್ರಕಾರ ಸೊಸೆಯ ಮೂಗು ಸಣ್ಣದು, ಆದರೆ ಕೋಪ ಇರುವುದು ಅದರ ತುದಿಯಲ್ಲೇ. ಬಣ್ಣ ಚೆನ್ನಾಗಿ ಬೆಂದ ಬನ್ನಿನ ಮೇಲ್ಮೈ. ಹಣೆ ಅಗಲ. ಬನ್ನು ಹೇಳಿದ್ದು ಬೇರೆ. ಅಮ್ಮನ ಹುಬ್ಬು ಲೆಕ್ಕ ಹೇಳಿಕೊಡುವಾಗ ಒಂದಾಗುತ್ತದೆ, ನಗುವಾಗ ಎಡಗಡೆ ಬಾಯಿ ಮೊದಲು ನಗುತ್ತದೆ, ಬಲಗಡೆ ಆಮೇಲೆ ಸೇರಿಕೊಳ್ಳುತ್ತದೆ. ಸೊಸೆ ಈ ಮಾತೆಲ್ಲ ಬೆನ್ನ ಹಿಂದೆ ಕೇಳಿಸಿಕೊಳ್ಳುತ್ತಾ, ಸಂತೆಗೆ ತಂದ ಹಸುವಿನ ಹಾಗೆ ನನ್ನನ್ನು ಎಣಿಸುತ್ತಿದ್ದೀರಿ ಎಂದು ಬೈದಳು. ಆದರೆ ಆ ವಾರ ಎರಡು ಸಲ ಕನ್ನಡಿಯ ಮುಂದೆ ನಿಂತದ್ದನ್ನು ಬನ್ನು ನೋಡಿದಳು.

ಗಂಡನಿಗೆ ಮಾತ್ರ ನಿಜವಾಗಿ ನಾಚಿಕೆಯಾಗಿತ್ತು. ಅವನು ಕದ್ದು ಕದ್ದು ಹೆಂಡತಿಯನ್ನು ನೋಡತೊಡಗಿದ. ಟ್ರೇ ಎತ್ತುವಾಗ, ಗಿರಾಕಿಗೆ ಚಿಲ್ಲರೆ ಕೊಡುವಾಗ, ಬನ್ನುವಿನ ಜಡೆ ಹೆಣೆಯುವಾಗ. ಏನ್ರೀ ಅದು, ಮುಖದ ಮೇಲೆ ಮೈದಾ ಇದೆಯಾ ಎಂದು ಅವಳು ಕೇಳಿದಳು. ಒಂದು ದಿನ ಅವಳ ಗದ್ದದ ಕೆಳಗೆ ಬೆರಳಗಲದ ಸುಟ್ಟ ಕಲೆ ಕಂಡು, ಇದು ಯಾವಾಗ ಆದದ್ದು ಎಂದ. ಭಟ್ಟಿಯಿಂದ ಟ್ರೇ ಎಳೆಯುವಾಗ, ಬನ್ನು ಹೊಟ್ಟೆಯಲ್ಲಿದ್ದಳು ಎಂದಳು. ಆವತ್ತು ಹೇಳಲಿಲ್ಲವಲ್ಲ ಎಂದರೆ, ಹೇಳಿದ್ದೆ, ನೀವು ಬ್ರೆಡ್ಡು ಎಣಿಸುತ್ತಿದ್ದಿರಿ ಎಂದಳು. ಅವಳು ದೂರು ಹೇಳುವ ಹಾಗೆಯೂ ಹೇಳಲಿಲ್ಲ. ಅವನು ಅದನ್ನು ತಂದೆಗೆ ಹೇಳಿದ, ಗದ್ದದ ಕೆಳಗೆ ಒಂದು ಸುಟ್ಟ ಕಲೆ ಇದೆ ಅಪ್ಪ ಎಂದು. ಆ ದಿನದಿಂದ ಭಾರದ ಟ್ರೇಗಳನ್ನು ಅವನೇ ಎಳೆದ.

ಬೆಳಿಗ್ಗೆ ತಾತ ಎದ್ದು ಬಂದರೆ ಎಲ್ಲರದೂ ಒಂದೇ ಪ್ರಶ್ನೆ, ತಿರುಗಿದಳಾ? ಅಜ್ಜಿಯ ಬಾಯಲ್ಲಿ ನಿಲ್ಲದೆ ಅದು ಅಂಗಡಿಗೂ ಹೋಯಿತು. ದಿನಾ ಬ್ರೆಡ್ಡು ಕೊಳ್ಳುವ ಅಂಚೆಯವನು, ಮೂಲೆಮನೆಯ ಟೀಚರು, ಕೊನೆಗೆ ಎದುರುಬೀದಿಯ ಬೇಕರಿಯವನೂ ಕೇಳತೊಡಗಿದರು. ಸೊಸೆಗೆ ಮೈಯೆಲ್ಲ ಮುದುಡುವಷ್ಟು ಸಂಕೋಚ.

ಅವಳು ತಿರುಗಲಿಲ್ಲ. ಹೇಳಿದ ಮೂಗು, ಹಣೆ, ಹುಬ್ಬು ಎಲ್ಲವನ್ನೂ ತಾತ ಹಿಟ್ಟು ಮಡಚುತ್ತಾ ಬಾಯಿಪಾಠ ಮಾಡಿ ಮಲಗುತ್ತಿದ್ದ. ಕನಸಿಗೆ ಹೋದರೆ ಅದೇ ಬೆನ್ನು. ಕೆಲವು ರಾತ್ರಿ ಏನೂ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನು ತಿಂಡಿಗೆ ಬಂದು ಕೂತಾಗ ಮುಖ ಬಿಳಿಚಿಕೊಂಡಿತ್ತು.

"ನಿನ್ನೆ ಕೈ ಹಿಡಿದು ನೋಡಿದೆ. ಇತ್ತು, ಆದರೆ ಬೂದಿ ಬಣ್ಣ. ಬೀದಿಯೂ ಬೂದಿ. ಗಾಡಿ ಹುಡುಕಿದೆ, ಕೆಂಪು ಸಿಗಲಿಲ್ಲ."

ಅಜ್ಜಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಈ ಕಣ್ಣು ಎರಡನೆಯ ಸಲ ಹೋಗುತ್ತಿದೆ ಎಂದು ಎಲ್ಲರಿಗೂ ಅರ್ಥವಾಯಿತು. ಇದಕ್ಕೆ ಡಾಕ್ಟರು ಇಲ್ಲ, ಕಂತಿನ ಮೇಲೆ ತರುವ ಪೆಟ್ಟಿಗೆಯೂ ಇಲ್ಲ.

ಆ ಮಧ್ಯಾಹ್ನ ಟ್ರೇ ತಿಕ್ಕುತ್ತಿದ್ದ ಸೊಸೆಯ ಹತ್ತಿರ ತಾತ ಗೋಡೆ ಹಿಡಿದುಕೊಂಡು ಬಂದು ನಿಂತ. ಅವಳು ಕೈ ನಿಲ್ಲಿಸದೆಯೇ ಕೇಳಿದಳು.

"ಕನಸಲ್ಲಿ ನನ್ನನ್ನ ಕರೀತೀರಾ?"

"ಕರೀತೀನಿ. ಏನಮ್ಮಾ ಅಂತೀನಿ. ಹೂಂ ಅಂತೀಯ, ತಿರುಗಲ್ಲ."

ಸೊಸೆ ನಕ್ಕಳು. "ಅದು ನಾನೇ ಬಿಡಿ ಮಾವ, ಅನುಮಾನ ಬೇಡ. ಕೆಲಸ ಹಿಡಿದಾಗ ಯಾರು ಕರೆದರೂ ನಾನು ತಿರುಗಲ್ಲ. ಬನ್ನೂನ ಕೇಳಿ. ಸುಮ್ಮನೆ ಸುತ್ತೋದು ಬಿಟ್ಟು ನನ್ನ ಕೈಯಲ್ಲಿರೋದನ್ನ ತಗೊಳ್ಳಿ. ಕೈ ಖಾಲಿಯಾದರೆ ತಿರುಗ್ತೀನಿ."

ತಾತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಇಷ್ಟು ವರ್ಷದಲ್ಲಿ ಇವಳ ಕೈಯಿಂದ ಒಂದು ಲೋಟವನ್ನಾದರೂ ಇಸಿದುಕೊಂಡು ತೊಳೆದಿದ್ದೇನೆಯೇ ಎಂದು ಯೋಚಿಸಿದನೋ ಏನೋ. ಆಮೇಲೆ ಕೈ ಚಾಚಿ ಟ್ರೇಯ ಅಂಚು ಹುಡುಕಿ ಹಿಡಿದು, ಕೊಡಿಲ್ಲಿ, ಇದನ್ನಾದರೂ ತಿಕ್ಕುತ್ತೇನೆ ಎಂದ.

ಮುಂದಿನ ಕೆಲವು ದಿನ ಟ್ರೇ ತಿಕ್ಕಿದವನು ತಾತ. ಮೂಲೆಯಲ್ಲಿ ಜಿಡ್ಡು ಉಳಿಯುತ್ತಿರಲಿಲ್ಲ. ಕನಸಿನ ವಿಷಯ ಯಾರೂ ಕೇಳಲಿಲ್ಲ, ಕೇಳಿ ಕೇಳಿ ಅವನನ್ನು ಹೆದರಿಸಿದಂತಾಯಿತೆಂದು ಅಜ್ಜಿಯೇ ಎಲ್ಲರ ಬಾಯಿ ಕಟ್ಟಿದ್ದಳು.

ಆಮೇಲೊಂದು ಭಾನುವಾರ. ಶಾಲೆ ಇಲ್ಲ, ಅಂಗಡಿ ತಡವಾಗಿ ತೆರೆಯುವ ದಿನ. ತಾತ ಎದ್ದು ಬಂದು ತನ್ನ ಜಾಗದಲ್ಲಿ ಕೂತ. ಸೊಸೆ ಒಲೆಯ ಮುಂದೆ ನಿಂತು, ಇಕ್ಕಳದಲ್ಲಿ ಬ್ರೆಡ್ಡಿನ ಹೋಳು ತಿರುಗಿಸುತ್ತಿದ್ದಳು.

"ತಿರುಗಿದಳು," ಎಂದ ತಾತ.

ಬನ್ನು ಕುರ್ಚಿಯಿಂದ ಇಳಿದು ಅವನ ತೊಡೆಗೆ ಅಂಟಿಕೊಂಡಳು. ತಾತ ಆತುರವಿಲ್ಲದೆ ಹೇಳಿದ. ಟ್ರೇ ತೊಳೆಯುತ್ತಿದ್ದಳು. ಬಣ್ಣ ಹೆಚ್ಚೇನೂ ಇರಲಿಲ್ಲ, ಆದರೆ ಬೆಳಕಿತ್ತು. ಹತ್ತಿರ ಹೋಗಿ ಟ್ರೇ ಇಸಿದುಕೊಂಡೆ. ಕೈ ಒರೆಸಿಕೊಂಡು ತಿರುಗಿದಳು.

"ಹೇಗಿದ್ದಳು?" ಎಂದ ಮಗ.

"ದುಂಡು ಮುಖ. ಮೂಗು ಉದ್ದ. ಬಲಗಡೆ ಕೆನ್ನೆ ಮೇಲೆ ಒಂದು ಮಚ್ಚೆ."

ಸೊಸೆಯದು ಕೋಲುಮುಖ, ಸಣ್ಣ ಮೂಗು, ಮಚ್ಚೆಯ ಸುಳಿವೇ ಇಲ್ಲ. ಬನ್ನು ಬಾಯಿ ತೆರೆದಳು. ಅಜ್ಜಿ ಕಣ್ಣಿನಲ್ಲೇ ಅದನ್ನು ಮುಚ್ಚಿಸಿದಳು. ಹೌದಪ್ಪ, ಸರಿಯಾಗಿ ನೋಡಿದ್ದೀರಿ ಎಂದ ಮಗ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಧ್ವನಿ.

ತಾತ ನಕ್ಕ.

"ಇವಳ ಮುಖ ಅಲ್ಲ ಅಂತ ನಂಗೂ ಗೊತ್ತು ಕಣೋ. ಕನಸು ಅಂತ ಗೊತ್ತಿದ್ದೇ ನೋಡಿದ್ದಲ್ವಾ? ಯಾರದೋ ಮುಖ. ಎಲ್ಲಿಂದ ತಂತೋ. ಆದರೆ ಇವಳೇ. ತಿರುಗಿದಳಲ್ಲ, ಹೇಳಬೇಕಾದ್ದು ಹೇಳಿದೆ."

"ಏನು ಹೇಳಿದ್ರಿ?" ಎಂದಳು ಅಜ್ಜಿ.

"ಅದು ಅಲ್ಲಿ ಹೇಳಿ ಆಯ್ತು."

"ಚೆನ್ನಾಗಿದೆ. ಕನಸಲ್ಲಿ ಉಂಡರೆ ಹೊಟ್ಟೆ ತುಂಬುತ್ತಾ? ಬಾಯಿ ಇದೆ, ಇಲ್ಲಿ ಹೇಳಿ."

ತಾತ ಮೇಜಿನ ಮೇಲೆ ಬೆರಳು ಆಡಿಸಿದ. ಆ ಮನೆಯಲ್ಲಿ ಉಪಕಾರ, ಧನ್ಯವಾದ ಎಂಬ ಮಾತೆಲ್ಲ ಅಂಗಡಿಯ ಕಟ್ಟೆಯಾಚೆಗೆ ಮಾತ್ರ. ಗಿರಾಕಿಗೆ ಹೇಳುತ್ತಾರೆ, ಮನೆಯವರಿಗೆ ಹೇಳಿದರೆ ಅವರನ್ನು ಹೊರಗಿನವರು ಮಾಡಿದ ಹಾಗೆ ಎಂದು ಅಜ್ಜಿಯೇ ಎಲ್ಲರಿಗೂ ಕಲಿಸಿದವಳು. ಈಗ ಅವಳೇ ಕೇಳುತ್ತಿದ್ದಾಳೆ. ಅವನು ಒಲೆಯಿದ್ದ ಕಡೆಗೆ ಮುಖ ತಿರುಗಿಸಿದ. ಅಲ್ಲಿ ಇಕ್ಕಳ ಬಾಣಲೆಗೆ ತಾಗುವ ಸದ್ದು ಕೇಳುತ್ತಲೇ ಇತ್ತು.

ಮಗ ಎದ್ದ. ಒಲೆಯ ಹತ್ತಿರ ಹೋಗಿ ಹೆಂಡತಿಯ ಕೈಯಿಂದ ಇಕ್ಕಳ ತೆಗೆದುಕೊಂಡ. ಅವಳು ಒಂದು ಕ್ಷಣ ಬಿಡಲಿಲ್ಲ, ಆಮೇಲೆ ಬಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ತಿರುಗಿ ಬಂದು ಮಾವನ ಎದುರಿಗೆ ನಿಂತಳು.

"ತಿರುಗಿದ್ದೀನಿ ಮಾವ," ಎಂದಳು. "ಹೇಳಿ."

ತಾತ ಅವಳ ಧ್ವನಿ ಬಂದ ಎತ್ತರಕ್ಕೆ ಮುಖ ಎತ್ತಿದ.

"ಕಣ್ಣು ಹೋದಾಗ ಇವರೆಲ್ಲ ನನ್ನನ್ನ ಬೆಂಚಿನ ಮೇಲೆ ಕೂರಿಸಿದ್ದರು. ಪ್ರೀತಿಯಿಂದಲೇ ಕೂರಿಸಿದ್ದರು. ನೀನು ಬಂದು ಒಂದು ತಿಂಗಳಾಗಿರಲಿಲ್ಲ, ಹಿಟ್ಟಿಗೆ ಕಣ್ಣು ಬೇಕಾ ಮಾವ ಅಂತ ಕೇಳಿ ಕೈ ಹಿಡಿದು ಮರಿಗೆ ಹತ್ತಿರ ಕರ್ಕೊಂಡು ಹೋದೆ. ಮೈದಾ ಎಡಕ್ಕೆ, ಉಪ್ಪು ಬಲಕ್ಕೆ ಇಟ್ಟೆ. ಇವತ್ತಿನವರೆಗೂ ಒಂದು ದಿನ ಜಾಗ ತಪ್ಪಿಸಿಲ್ಲ. ನೀನು ಬರದಿದ್ದರೆ ನಾನು ಆ ಬೆಂಚಿನ ಮೇಲೇ ಮುಗಿದುಹೋಗ್ತಿದ್ದೆ. ತುಂಬಾ ಉಪಕಾರ ಆಯ್ತಮ್ಮ."

ಸೊಸೆ ಯಾವ ಕೆಲಸಕ್ಕೂ ವಾಪಸು ತಿರುಗಲಿಲ್ಲ. ಎಡಗಡೆ ಬಾಯಿ ಮೊದಲು ನಕ್ಕಿತು, ಬಲಗಡೆ ಸೇರಿಕೊಳ್ಳಲು ಹೋಗಿ ಅಳುವಾಯಿತು. ಅದನ್ನು ಬನ್ನು ತಾತನ ಕಿವಿಯಲ್ಲಿ ಹೇಳಿದಳು. ಅಜ್ಜಿ ಮೂಗು ಒರೆಸಿಕೊಂಡಳು. ಇಕ್ಕಳ ಹಿಡಿದ ಮಗ ಇವರನ್ನೇ ನೋಡುತ್ತಾ ನಿಂತದ್ದರಿಂದ ಬಾಣಲೆಯಲ್ಲಿದ್ದ ಬ್ರೆಡ್ಡೆಲ್ಲ ಸೀದುಹೋಯಿತು. ಆ ಬೆಳಿಗ್ಗೆ ಎಲ್ಲರೂ ಅದನ್ನೇ ತಿಂದರು. ತಾತ ಎರಡು ಹೋಳು ಹೆಚ್ಚಿಗೆ ಕೇಳಿ ಹಾಕಿಸಿಕೊಂಡ.